ಬಿಳಿ ಚುಕ್ಕೆ

ಗೇಮಿಂಗ್ ಕಂಪ್ಯೂಟರನ್ನು ಮೆಕ್ಯಾನಿಕ್‌ನ ಮೇಜಿನ ಮೇಲಿಟ್ಟು ಆತ ಕೈಕಟ್ಟಿ ನಿಂತ.

"ನಿಮ್ಮ ಹತ್ರಾನೇ ಮಾಡಿಸಿದ್ದು. ಮೂರು ತಿಂಗಳ ಹಿಂದೆ ಇದು ಹತ್ತಿಕೊಂಡು, ಹೊಗೇಲಿ ನಮ್ಮಮ್ಮ ಹೋಗಿಬಿಟ್ರು. ಇದರಲ್ಲಿ ಆಟ ಆಡ್ತಿದ್ದ ಮಗಳು ಅವತ್ತಿಂದ ಮಾತೇ ಬಿಟ್ಟಿದ್ದಾಳೆ. ತಾನೇ ಏನೋ ಕೆಡಿಸಿದೆ ಅಂತ ಬರೆದು ಬರೆದು ತೋರಿಸ್ತಾಳೆ. ರಿಪೇರಿ ಬೇಡ ಸ್ವಾಮಿ. ಅವಳು ಕೆಡಿಸಿದ್ದು ಹೌದಾ ಅಲ್ವಾ, ಅಷ್ಟು ನೋಡಿ ಹೇಳಿ."

ಮೆಕ್ಯಾನಿಕ್ ರೂಢಿಯ ಕೈಯಲ್ಲಿ ಬ್ಲೇಡು ಎತ್ತಿಕೊಂಡು, ಮುಚ್ಚಳದ ಅಂಚಿನಲ್ಲಿ ಹೊಗೆಗೆ ಕಂದಿದ್ದ ಕಾಗದದ ಸೀಲನ್ನು ಸೀಳಿ, ಸ್ಕ್ರೂ ಬಿಚ್ಚಿದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗಂಟಲಿಗೆ ಅಡರಿತು. ಪವರ್ ಸಪ್ಲೈ ವೈರಿನ ಕನೆಕ್ಟರ್ ಪಿನ್ನಿನ ಕಡೆ ಮೇಣದಂತೆ ಕರಗಿ ಹೋಗಿತ್ತು. ಮಸಿ ಒರೆಸಿದರೆ, ಅದರ ಬೆನ್ನ ಮೇಲೊಂದು ಬಿಳಿ ಚುಕ್ಕೆ.

ಹಳೆಯ ಕಂಪ್ಯೂಟರುಗಳಿಂದ ಕಿತ್ತಿಟ್ಟ ವೈರುಗಳಿಗೆ ಅವನೇ ಇಡುವ ಗುರುತು ಅದು. ಹೊಸ ವೈರು ಗಿಡ್ಡವಾಯಿತೆಂದು, ಪಿನ್ನು ಸಡಿಲವಾಗಿದ್ದ ಈ ಹಳೆಯದನ್ನೇ ಒತ್ತಿ ಕೂರಿಸಿದ್ದು ನೆನಪಾಯಿತು. ಸಡಿಲ ಪಿನ್ನು ಬಿಸಿಯೇರಿ ಒಂದಲ್ಲ ಒಂದು ದಿನ ಉರಿಯುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದ.

"ಯಾರೋ ವೈರು ಕಿತ್ತು, ವಾಪಸ್ ಸರಿಯಾಗಿ ಕೂರಿಸಿಲ್ಲ ಸಾರ್," ಅಂದ. ದನಿ ತನ್ನದಲ್ಲವೆನ್ನಿಸಿತು. "ಮಕ್ಕಳಲ್ವಾ, ಕೈ ಹಾಕಿರ್ತಾರೆ."

ಆತ ಪಕ್ಕದಲ್ಲಿದ್ದ ಮುಚ್ಚಳವನ್ನೆತ್ತಿ ಮತ್ತೆ ಮೊದಲಿನ ಜಾಗಕ್ಕೇ ಒತ್ತಿ ಹಿಡಿದ. ಸೀಲಿನ ಎರಡು ಹೋಳುಗಳೂ ಕೂಡಿ, ಕಂಪ್ಯೂಟರ್ ಕೊಟ್ಟ ದಿನ ಮೆಕ್ಯಾನಿಕ್ ಹಾಕಿದ್ದ ಸಹಿ ಪೂರ್ತಿಯಾಯಿತು.

"ಹಾಗಾದ್ರೆ ಮುಚ್ಚಳ ತೆಗೀದೇನೇ ಒಳಗೆ ಕೈ ಹಾಕಿದ್ಲಾ ಸ್ವಾಮಿ?"