ಕಪ್ಪು ಕಲ್ಲಿಗೆ ಹಾಲುತುಪ್ಪ

ಅರಕಲಗೂಡಿಗೆ ಹೋಗಿ ಬಂದ ಭೂಗರ್ಭಶಾಸ್ತ್ರದ ಗಂಗಾಧರಯ್ಯ ಮೇಷ್ಟ್ರು ಹಾಸನದ ತಮ್ಮ ಬಾಡಿಗೆ ಮನೆಯ ಹಿತ್ತಲಿಗೆ ಕಾಲಿಟ್ಟರೆ, ಅವರ ಕಪ್ಪು ಕಲ್ಲುಗಳು ಬಾಳೆ ಎಲೆಯ ಮೇಲೆ ತುಪ್ಪದಲ್ಲಿ ಮಿಂದು ಮಿರಮಿರ ಮಿಂಚುತ್ತಿದ್ದವು. ಪಕ್ಕದಲ್ಲಿ ಅನ್ನ, ವಡೆ, ಊದುಬತ್ತಿ.

“ದೊಡ್ಡತಾಯಮ್ಮಾ! ಏನಿದು?”

“ಹಾಲುತುಪ್ಪ ಬುಟ್ಟಿವ್ನಿ,” ಎಂದರು ಮನೆಯೊಡತಿ. “ನೀವೇ ಅಂದ್ರಲ್ಲ ಮೊನ್ನೆ...” ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಥೇಟು ಮೇಷ್ಟ್ರ ದನಿಯಲ್ಲೇ ಮುಂದುವರಿಸಿದರು: “‘ನೋಡೀಮ್ಮಾ, ಇಪ್ಪತ್ತೆರಡು ಕೋಟಿ ವರ್ಷದ ಹಿಂದೆ ಸಮುದ್ರದ ಜೀವಿಗಳೆಲ್ಲಾ ಒಟ್ಟಿಗೇ ಸತ್ತವು, ಅವುಗಳ ಜಿಡ್ಡು ಈ ಕೆಸರುಗಲ್ಲಿನಲ್ಲಿದೆ’ ಅಂತ. ಅಷ್ಟೊಂದು ಹೆಣ ಮನೇಲಿಟ್ಕಂಡು ಮೂರನೇ ದಿನದ ಕಾರ್ಯಾನೂ ಮಾಡ್ನಿಲ್ಲ ಅಂದ್ರೆ!”

ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕುಳಿತರು. 1958ರಲ್ಲಿ ಹಿಮಾಲಯದ ಸ್ಪಿತಿಯಿಂದ ಹಾಸಿಗೆಯ ಹೋಲ್ಡಾಲಿನಲ್ಲಿ ಸುತ್ತಿ ತಂದ ಕಲ್ಲುಗಳು. ಅವುಗಳ ಜಿಡ್ಡು ಅಳೆದು ಆ ಸಾವಿನ ಕಾರಣ ಹೇಳಿದರೆ ಡಾಕ್ಟರೇಟು. ನಾಳೆಯೇ ಕಲ್ಕತ್ತೆಗೆ ಪಾರ್ಸೆಲ್ ಹೋಗಬೇಕಿತ್ತು. ಈ ಎಮ್ಮೆತುಪ್ಪ ಹೀರಿದ ಮೇಲೆ ಅಳೆದರೆ, ಆ ಸಮುದ್ರದ ತುಂಬ ಎಮ್ಮೆಗಳು ಈಜುತ್ತಿದ್ದವೆಂದೇ ಬರೆಯಬೇಕು.

“ಒಂದು ಉಳದದೆ ಸಾ,” ಎಂದ ದೊಡ್ಡತಾಯಮ್ಮನ ತಮ್ಮ ಪುಟ್ಟರಾಜು, ಅಡಿಕೆಯಷ್ಟಿದ್ದ ಕಲ್ಲೊಂದನ್ನು ತೋರಿಸಿ. “ತುಪ್ಪ ಸಾಲ್ನಿಲ್ಲ.”

ಮೇಷ್ಟ್ರಿಗೆ ಜೀವ ಬಂತು. ಒಂದೇ ಸಾಕು! ಕರವಸ್ತ್ರದಲ್ಲಿ ಎತ್ತಿಕೊಂಡು ಒಳಗೆ ಓಡಹೊರಟರು. ದೊಡ್ಡತಾಯಮ್ಮ ಅಡ್ಡ ನಿಂತರು.

“ಎತ್ತಗೆ ಓಯ್ತೀರಿ? ಬೆಳಗ್ಗಿಂದ ಕಾಗೆ ಎಡೆ ಮುಟ್ಟಿಲ್ಲ. ಅದು ಮುಟ್ಟೋಗಂಟ ನಾವು ಉಣ್ಣಂಗಿಲ್ಲ. ಸತ್ತೋರಿಗೆ ಏನೋ ಆಸೆ ಉಳದದೆ. ಅತ್ರದ ನೆಂಟ್ರು ಮಾತು ಕೊಡ್ಬೇಕು. ಅವ್ಕೆ ನಿಮ್ಮನ್ನ ಬುಟ್ರೆ ಇನ್ಯಾರವ್ರೆ?”

“ಬಿರ್‌ಬಿರ್ನೆ ಕೊಡಿ ಸಾ, ಒಟ್ಟೆ ಚುರುಗುಡ್ತಾ ಅದೆ,” ಎಂದ ಪುಟ್ಟರಾಜು.

ಬೇರೆ ದಾರಿ ಕಾಣದೆ ಮೇಷ್ಟ್ರು, ಕೈಮುಗಿಯಲೆಂದು ಕಲ್ಲನ್ನು ಬಟ್ಟೆ ಒಗೆಯುವ ಬಂಡೆಯ ಮೇಲಿಟ್ಟರು. ಕಣ್ಣು ಮುಚ್ಚಿ, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ, “ಜೀವಿಗಳೇ, ನೀವು ಯಾಕೆ ಸತ್ತಿರಿ ಅಂತ ಕಂಡುಹಿಡಿದು ಲೋಕಕ್ಕೆಲ್ಲ ಸಾರುತ್ತೇನೆ. ಇದು ನನ್ನ ಮಾತು” ಎಂದರು.

ಕಾಗೆ ಬಂತು. ಅನ್ನ ನೋಡಲಿಲ್ಲ, ವಡೆ ಕುಕ್ಕಲಿಲ್ಲ. ಬಂಡೆಯ ಮೇಲಿದ್ದ ಒಣಕಲ್ಲನ್ನು ಕಚ್ಚಿಕೊಂಡು ಬೂವನಹಳ್ಳಿಯ ಕಡೆಗೆ ಹಾರಿಹೋಯಿತು.

“ಮುಟ್ತು ಕಣಕ್ಕೋ!” ಎಂದು ಪುಟ್ಟರಾಜು ಕೈಕಾಲು ತೊಳೆಯಲು ಓಡಿದ.

ದೊಡ್ಡತಾಯಮ್ಮ ಆಕಾಶವನ್ನೇ ನೋಡುತ್ತಿದ್ದರು. “ಬುಟ್ಬುಡಿ ಮೇಷ್ಟ್ರೇ,” ಎಂದರು ಮೆಲ್ಲಗೆ. “ಯಾಕ್ ಸತ್ವು ಅಂತ ನಾಕು ಜನಕ್ಕೆ ಗೊತ್ತಾಗೋದು ಅವ್ಕೆ ಇಷ್ಟ ಇಲ್ಲ. ಬನ್ನಿ, ಎಲೆ ಆಕ್ತೀನಿ.”