ಬಲಗೈ ಬಳೆ

ಲೋಹ ಹುಡುಕುವ ಮಷೀನು ಕುಂಯ್ ಅಂದಾಗಲೆಲ್ಲ ಅವಳು ಮರಳಿನಿಂದ ಎದ್ದು ನಿಲ್ಲುತ್ತಿದ್ದಳು. ಮೆಕ್ಯಾನಿಕ್ ಮಂಡಿಯೂರಿ ಅಗೆಯುತ್ತಿದ್ದ. ಬಾಟಲಿಯ ಮುಚ್ಚಳ, ಮೀನಿನ ಗಾಳ, ಒಮ್ಮೆ ಯಾರದೋ ಊಟದ ಚಮಚ. ಅವಳು ಮತ್ತೆ ಕೂರುತ್ತಿದ್ದಳು.

"ಇಲ್ಲೇ ಬಿದ್ದದ್ದಾ ತಾಯಿ?"

"ಹೂಂ. ಅಲೆ ಬಂದು ಕೈ ಎಳ್ಕೊಂಡ ಹಾಗಾಯ್ತು. ಎದ್ದು ನೋಡ್ತೀನಿ, ಎಡಗೈ ಖಾಲಿ. ಅತ್ತೆ ಕೊಟ್ಟ ಚಿನ್ನದ ಬಳೆ. ಜೋಡೀಲಿ ಒಂದು ನನಗೆ ಮದುವೇಲಿ ಹಾಕಿ, ಇನ್ನೊಂದನ್ನ ಅವರೇ ಹಾಕ್ಕೊಂಡಿದ್ದಾರೆ." ಅವಳು ಹಿಂದೆ ತಿರುಗಿ ಲಾಡ್ಜಿನ ಕಿಟಕಿಗಳತ್ತ ನೋಡಿದಳು. "ಅವರಿಗಿನ್ನೂ ಗೊತ್ತಿಲ್ಲ."

ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು, ರೇಡಿಯೋ ಕೇಳುವವರೇ ಇಲ್ಲವಾದ ಮೇಲೆ ಈ ಮಷೀನು ಹಿಡಿದಿದ್ದ. ತನ್ನೂರಿನ ಕಡಲು ಯಾವ ಗುಂಡಿಯಲ್ಲಿ ಏನನ್ನು ಬಚ್ಚಿಡುತ್ತದೆ ಎಂದು ಅವನಿಗೆ ಬಾಯಿಪಾಠ. ಆದರೆ ಅವಳ ಫೋನಿಗೆ ಮನಸ್ಸು ಕರಗಿ ಅವನು ಬಸ್ಸು ಹತ್ತಿ ಬಂದಿದ್ದ ಈ ಪರವೂರಿನ ಕಡಲು ಅವನ ಮಾತು ಕೇಳುವಂತಿರಲಿಲ್ಲ. ಬೆಳಗ್ಗೆ ದಿಬ್ಬವಾಗಿದ್ದದ್ದು ಮಧ್ಯಾಹ್ನಕ್ಕೆ ಹೊಂಡ. ಸಂಜೆಯ ಹೊತ್ತಿಗೆ ಬಳೆ ಆಳಕ್ಕೆ ಹೋಯಿತೆಂದು ಅವನಿಗೆ ಖಾತ್ರಿಯಾಗಿತ್ತು. ಅವಳ ಮುಖ ನೋಡಿ ಅದನ್ನು ಹೇಳಲಾಗದೆ, "ನಾಳೆ ನೀರು ಇಳಿದಾಗ ಇನ್ನೊಂದ್ಸಲ ನೋಡೋಣ" ಎಂದುಬಿಟ್ಟ.

ಮರುದಿನ ಬೆಳಗ್ಗೆ ಅವಳಿಗಿಂತ ಮೊದಲು ಬಂದದ್ದು ಅರವತ್ತು ದಾಟಿದ ಒಬ್ಬ ಹೆಂಗಸು. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ಕಾಲೆಳೆಯುತ್ತ ಬಂದವಳೇ, "ನಾನು ಆ ಹುಡುಗಿಯ ಅತ್ತೆ" ಎಂದಳು.

ಮೆಕ್ಯಾನಿಕ್ ತಡವರಿಸಿದ. "ನಿಮಗೆ ಗೊತ್ತಿಲ್ಲ ಅಂತ..."

"ಈ ಸೆಕೇಲಿ ಎರಡು ದಿನದಿಂದ ತುಂಬುತೋಳಿನ ಕುರ್ತಾ ಹಾಕ್ಕೊಂಡು ಓಡಾಡ್ತಿದ್ದಾಳೆ. ನಾನು ಟೈಲರು ಕಣಪ್ಪ, ತೋಳು ಉದ್ದ ಆದ್ರೆ ನನಗೆ ಗೊತ್ತಾಗಲ್ವಾ? ಊಟಾನೂ ಬಿಟ್ಟಿದ್ದಾಳೆ." ಸೆರಗಿನ ಗಂಟು ಬಿಚ್ಚಿ ಅವಳೊಂದು ಬಳೆ ತೆಗೆದಳು. "ಇದನ್ನ ಎಲ್ಲಾದ್ರೂ ಹೂತು, ಅವಳ ಮುಂದೆ ಹುಡುಕಿ ಕೊಡು."

"ಅಮ್ಮಾ, ಇಲ್ಲೀವರೆಗೆ ನಾನು ಸಿಗದೇ ಇದ್ದದ್ದನ್ನ ಸಿಕ್ತು ಅಂದವನಲ್ಲ."

"ನೀನೇನೂ ಅನ್ನಬೇಡ. ಮಷೀನು ಅನ್ನಲಿ."

"ನಿಮ್ಮ ಕೈ ಖಾಲಿ ಇರೋದು ನೋಡಿದ್ರೆ?"

"ಕೈ ಊದಿದೆ, ತೆಗೆದಿಟ್ಟೆ ಅಂತೀನಿ. ಹೋದ್ರೆ ಹೋಗ್ಲಿ ಬಿಡು ಅಂತ ನಾನೇ ಹೇಳಬಹುದಿತ್ತು. ಹಾಗಂದ್ರೆ ಇನ್ನೂ ಕುಗ್ಗಿಹೋಗ್ತಾಳೆ. ತಾಯಿ ಇಲ್ಲದ ಹುಡುಗಿ." ಅಷ್ಟು ಹೇಳಿ, ಬಂದ ದಾರಿಯಲ್ಲೇ ಹೊರಟುಹೋದಳು.

ಸೊಸೆ ಬರುವಷ್ಟರಲ್ಲಿ ಬಳೆ ಗೇಣುದ್ದ ಆಳದಲ್ಲಿತ್ತು. ಮೆಕ್ಯಾನಿಕ್ ಸುಮ್ಮನೆ ಅರ್ಧ ಗಂಟೆ ಅತ್ತಿತ್ತ ಸುತ್ತಾಡಿ ಅಲ್ಲಿಗೆ ಬಂದ. ಮಷೀನು ಗಟ್ಟಿಯಾಗಿ ಕೂಗಿತು. ಇಷ್ಟು ವರ್ಷಗಳಲ್ಲಿ ಆ ಕೂಗಿಗೆ ಅವನು ನಾಚಿಕೊಂಡದ್ದು ಅದೇ ಮೊದಲು. ಅಗೆದು ತೆಗೆದು, ಮಾತಿಲ್ಲದೆ ಅವಳ ಅಂಗೈಯಲ್ಲಿಟ್ಟ.

ಅವಳು ಅಳುತ್ತಾಳೆಂದುಕೊಂಡಿದ್ದ. ಅವಳು ಹೆಬ್ಬೆರಳಿನಿಂದ ಮರಳು ಒರೆಸಿದಳು. ಬಳೆಯ ಸುತ್ತ ಸಣ್ಣ ಸಣ್ಣ ಹೂಗಳು. ಒಂದು ಕಡೆ ಮಾತ್ರ ಹೂವೆಲ್ಲ ಸವೆದು ನುಣ್ಣಗಾಗಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದ ಅತ್ತೆಯ ಬಲಗೈ ಮೇಜಿಗೆ ಉಜ್ಜಿ ಉಜ್ಜಿ ಸವೆಸಿದ ಜಾಗ. ಅವಳ ಬೆರಳು ಅಲ್ಲೇ ನಿಂತಿತು. ಮೆಕ್ಯಾನಿಕ್ ಕಡಲಿನತ್ತ ಮುಖ ತಿರುಗಿಸಿದ.

"ಇದೇನಾ ತಾಯಿ?"

ಅವಳು ತಿರುಗಿ ಲಾಡ್ಜಿನ ಕಿಟಕಿಗಳತ್ತ ಒಮ್ಮೆ ನೋಡಿದಳು.

"ಇದೇ" ಎಂದಳು ಅವಳು. ಮೆಲ್ಲಗೆ ಬಳೆಯನ್ನು ಎಡಗೈಗೆ ಏರಿಸಿಕೊಂಡಳು. ಆಮೇಲೆ ಎರಡು ದಿನದಿಂದ ಮಣಿಕಟ್ಟು ಮುಚ್ಚಿದ್ದ ಕುರ್ತಾದ ತೋಳನ್ನು ಮೊಣಕೈವರೆಗೆ ಮಡಚಿದಳು. ಅವನು ಚೀಲ ಕಟ್ಟಲು ಬಗ್ಗಿದಾಗ ಕೇಳಿದಳು:

"ನಾಳೆ ಒಂದು ದಿನ ಇದ್ದು ಹೋಗೋಕಾಗುತ್ತಾ ಅಣ್ಣ?"

"ಯಾಕಮ್ಮ? ನಿಮ್ಮದು ಸಿಕ್ತಲ್ಲ."

"ನಂದು ಸಿಕ್ತು. ನಮ್ಮತ್ತೆ ಬಳೆ ನೀರಲ್ಲಿ ಹೋಗಿದೆ."