ಟೈಲರ್ ಅಂಗಡಿಯ ವೈರು

ಆಟೋದವನು ಬೀದಿಬದಿಯ ಹೊಸ ಚಾರ್ಜರಿನ ಪಿನ್ನು ತನ್ನ ಎಲೆಕ್ಟ್ರಿಕ್ ಗಾಡಿಗೆ ಸಿಕ್ಕಿಸಿ ಇನ್ನೂ ಕೈ ತೆಗೆದಿರಲಿಲ್ಲ, ಹಸಿರು ದೀಪ ಆರಿಹೋಯಿತು. ರಿಬ್ಬನ್ ಕತ್ತರಿಸಿ ಫೋಟೊ ತೆಗೆಸಿಕೊಂಡವರ ಕಾರುಗಳು ಬೀದಿಯ ತಿರುವನ್ನೂ ದಾಟಿರಲಿಲ್ಲ. ತಿರುಗಿ ನೋಡಿದರೆ, ಪಕ್ಕದ ಟೈಲರ್ ಅಂಗಡಿಯಿಂದ ಚಾರ್ಜರಿಗೆ ಎಳೆದಿದ್ದ ವೈರನ್ನು ಲೈನ್‌ಮನ್ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ.

ಅಂಗಡಿ ಆಟೋದವನ ಅಕ್ಕನದೇ. "ಒಂದು ಗಳಿಗೆ ಕರೆಂಟ್ ಕೊಡಮ್ಮ ಅಂದ್ರು, ಕೊಟ್ಟೆ ಕಣೋ. ನಂಗೇನು ಗೊತ್ತು?" ಎಂದು ಅವಳು ಬಾಗಿಲಲ್ಲಿ ನಿಂತು ಕೈ ಕೈ ಹಿಸುಕಿಕೊಂಡಳು.

"ಅಣ್ಣಾ, ಇದನ್ನೇ ನಂಬ್ಕೊಂಡು ಡೀಸೆಲ್ ಗಾಡಿ ಮಾರಿಬಿಟ್ಟೆ," ಎಂದು ಆಟೋದವನು ಲೈನ್‌ಮನ್‌ಗೆ ಹೇಳಿದ.

"ನನ್ನ ಕೈಲೇನಿದೆ ಮಾರಾಯ? ಸರ್ಕಾರದ ದುಡ್ಡು ಬಂದಿದ್ದು ಈ ಪೆಟ್ಟಿಗೆಗೆ ಮಾತ್ರ. ಇದಕ್ಕೆ ಕರೆಂಟ್ ಲೈನು ಮುಂದಿನ ಅನುದಾನದಲ್ಲಿ."

"ಅದು ಯಾವಾಗ ಬರುತ್ತೆ?"

ಲೈನ್‌ಮನ್ ಮುಖ ಎತ್ತಲಿಲ್ಲ. "ಬಳಕೆ ನೋಡಿ ಕೊಡ್ತಾರಂತೆ. ಎಷ್ಟು ಗಾಡಿ ಚಾರ್ಜ್ ಆಯ್ತು ಅಂತ ಪೆಟ್ಟಿಗೇನೇ ಲೆಕ್ಕ ಇಟ್ಕೊಳ್ಳುತ್ತಂತೆ. ನೀವೆಲ್ಲ ಮೊದಲು ಚೆನ್ನಾಗಿ ಬಳಸ್ಬೇಕು."

ಆಟೋದವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಿನ್ನು ಕೀಳಲೂ ಮನಸ್ಸು ಬಾರದೆ ಅದನ್ನು ಹಿಡಿದುಕೊಂಡೇ ನಿಂತ. ಅಷ್ಟರಲ್ಲಿ ಹಿಂದೆ ಇನ್ನೊಂದು ಹೊಸ ಆಟೋ ಬಂದು ಸಾಲಿಗೆ ನಿಂತಿತು. ಅದರ ಡ್ರೈವರು ತಲೆ ಹೊರಗೆ ಹಾಕಿ ಖುಷಿಯಿಂದ ಕೂಗಿದ:

"ನಿಧಾನಕ್ಕೆ ಮಾಡ್ಕೊಳ್ಳಣ್ಣಾ, ನಾನು ಕಾಯ್ತೀನಿ!"